ಮಳೆಯಲ್ಲಿ ಸಸಿ, ಮಳೆ ಬಿಟ್ಟ ಮೇಲೆ ಹೂ: ಬೀಜದಿಂದ ಆಸ್ಟರ್, ಗೊಂಡೆ, ದವನ ಮತ್ತು ಅಲಂಕಾರದ ಸೊಪ್ಪು

ಬೀಜ ಬಿತ್ತುವ ದಿನವನ್ನು ನಾನು ಪಂಚಾಂಗ ನೋಡಿಯೇ ಗೊತ್ತು ಮಾಡುತ್ತೇನೆ. ತಿಥಿ ನಕ್ಷತ್ರಕ್ಕಲ್ಲ, ಮದುವೆ ಮುಹೂರ್ತಗಳು ಯಾವಾಗ ಇವೆ, ಯಾವಾಗ ಇಲ್ಲ ಎಂದು ತಿಳಿಯಲು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಆಗ ಮದುವೆಗಳಿಲ್ಲ, ಕಡ್ಡಿ ಹೂವಿಗೆ (ಉದ್ದ ತೊಟ್ಟಿನ ಸಮೇತ ಮಾರುವ ಹೂ) ಗಿರಾಕಿ ಇಲ್ಲ, ದೇವಸ್ಥಾನದ ಬಿಡಿ ಹೂವಿಗೆ ಮಾತ್ರ ಬೇಡಿಕೆ. ಚೈನಾ ಆಸ್ಟರ್ ಬಿತ್ತಿದ ದಿನದಿಂದ ಕೊಯ್ಲಿಗೆ 105ರಿಂದ 115 ದಿನ ತೆಗೆದುಕೊಳ್ಳುತ್ತದೆ. ಕಾರ್ತಿಕ ಮುಗಿಯುವ ಹೊತ್ತಿನ ಮದುವೆಗಳಿಗೆ ಹೂ ಬೇಕೆಂದರೆ ಆಗಸ್ಟ್ 10ರಿಂದ 15ರೊಳಗೆ ಬೀಜ ಬೀಳಬೇಕು. ಎರಡು ವಾರ ತಡವಾದರೆ ಇಡೀ ಬೆಳೆ ಧನುರ್ಮಾಸಕ್ಕೆ ಸಿಕ್ಕಿಬೀಳುತ್ತದೆ. ಸಂಕ್ರಾಂತಿ ನಂತರದ ಮದುವೆಗಳಿಗೆ ಅಕ್ಟೋಬರ್ ಮೊದಲ ವಾರ ಇನ್ನೊಂದು ಬಿತ್ತನೆ.

ಹೀಗಾಗಿ ಶಿವಮೊಗ್ಗ ಜಿಲ್ಲೆಯ ಮಲೆನಾಡಾದ ತೀರ್ಥಹಳ್ಳಿ, ಹೊಸನಗರದಂಥ ಕಡೆ ಸಸಿ ಬೆಳೆಸುವುದು ಜಡಿಮಳೆಯಲ್ಲೇ. ಲಾಭ ನಷ್ಟ ತೀರ್ಮಾನವಾಗುವುದು ಬಿತ್ತನೆಯಿಂದ ನಾಟಿಯವರೆಗಿನ ಆ ಮೂವತ್ತೈದು ದಿನಗಳಲ್ಲಿ.

ಮೊದಲು ಬೀಜ. ಆಸ್ಟರ್ ಬೀಜದ ಆಯುಸ್ಸು ಕಡಿಮೆ, ಒಂದು ವರ್ಷ ದಾಟಿದರೆ ಮೊಳಕೆ ತೀರಾ ಇಳಿಯುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಶನ್ ತಳಿಗಳಲ್ಲಿ ಬೀಜ ಉಳಿಸಿಕೊಳ್ಳಬಹುದು. ಹೈಬ್ರಿಡ್ ಗೊಂಡೆಯಲ್ಲಿ (ಬಯಲುಸೀಮೆಯವರ ಚೆಂಡುಹೂ) ಉಳಿಸಿದರೆ ಮುಂದಿನ ಬೆಳೆ ಗಿಡಕ್ಕೊಂದು ಬಗೆಯಾಗಿ ಚೆದುರಿಹೋಗುತ್ತದೆ. ಆಸ್ಟರ್ ಹೂ ಪೂರ್ತಿ ಒಣಗಿ, ನಡುವಿನ ಬಿಳಿ ರೋಮ ಎದ್ದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಬಿಡಿಸಿ, ನೆರಳಿನಲ್ಲಿ ವಾರ ಒಣಗಿಸುತ್ತೇನೆ. ಜನವರಿಯಲ್ಲಿ ತೆಗೆದ ಬೀಜ ಆಗಸ್ಟ್‌ಗೆ ಬೇಕು. ನಡುವೆ ಜೂನ್, ಜುಲೈ ಇದೆ. ಕಾಗದದ ಪೊಟ್ಟಣದಲ್ಲಿ ಅಟ್ಟದ ಮೇಲಿಟ್ಟ ಬೀಜ ಆ ಎರಡು ತಿಂಗಳ ಥಂಡಿ ಹೀರಿ ಸತ್ತಿರುತ್ತದೆ, ನೋಡಲು ಮಾತ್ರ ಚೆನ್ನಾಗಿರುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದನ್ನು ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಇಡಬೇಕು. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬಾರದು. ಬಾಟಲಿ ಕೋಣೆಯ ಬಿಸಿಗೆ ಬರಲಿ, ಇಲ್ಲವಾದರೆ ಗಾಳಿಯ ತೇವವೆಲ್ಲ ಬೀಜದ ಮೇಲೆ ಕೂರುತ್ತದೆ.

ಸ್ವಂತದ್ದಿರಲಿ, ಕೊಂಡದ್ದಿರಲಿ, ಬಿತ್ತುವ ಹತ್ತು ದಿನ ಮುಂಚೆ 50 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎಂಟನೇ ದಿನ ಎಣಿಸುತ್ತೇನೆ. 35ಕ್ಕಿಂತ ಹೆಚ್ಚು ಮೊಳೆತರೆ ಸಸಿ ಟ್ರೇಯ ಗುಳಿಗೊಂದು ಬೀಜ, 25ರಿಂದ 35 ಆದರೆ ಎರಡು. ಅದಕ್ಕಿಂತ ಕಡಿಮೆಯಾದರೆ ಆ ಬೀಜ ಗೊಬ್ಬರದ ಗುಂಡಿಗೆ.

ಒಂದು ಗುಂಟೆಯ ಲೆಕ್ಕ ಹೀಗೆ. ಮೂರು ಅಡಿ ಅಗಲದ ಏರುಮಡಿ, ಒಂದೂವರೆ ಅಡಿ ಕಾಲುದಾರಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಹೀಗೆ ಸುಮಾರು 700 ಗಿಡ ಕೂರುತ್ತವೆ. ನೂರಕ್ಕೆ 70 ಮೊಳಕೆ ಎಂದರೆ 98 ಗುಳಿಗಳ 11 ಪ್ರೋಟ್ರೇ (ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ), ಮೂರು ಗ್ರಾಂ ಬೀಜ ಸಾಕು. ಮೂರು ಪಾಲು ತೊಳೆದ ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಮಿಶ್ರಣದ ಕಿಲೋಗೆ 10 ಗ್ರಾಂ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರ). ಕೋಕೋಪಿಟ್ ತೊಳೆಯದಿದ್ದರೆ ಅದರ ಉಪ್ಪಿಗೆ ಎಲೆಯಂಚು ಸುಡುತ್ತದೆ. ಆಸ್ಟರ್ ಮೇಲೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಮುಚ್ಚಬಾರದು. ಕೋಳಿಜುಟ್ಟಿನ ಬೀಜ ಇನ್ನೂ ಸಣ್ಣದು, ಮೇಲೆ ಕೈ ಸವರಿದರೆ ಸಾಕು.

ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹೊದಿಸಿದರೆ ಮೊಳಕೆ ಒಟ್ಟಿಗೆ ಬರುತ್ತದೆ. ಆದರೆ ಗೊಂಡೆ ಮೂರ‍್ನಾಲ್ಕು ದಿನಕ್ಕೇ ಏಳುತ್ತದೆ, ಆಸ್ಟರ್‌ಗೆ ಏಳೆಂಟು ದಿನ ಬೇಕು. ಎರಡನ್ನೂ ಒಂದೇ ರಾಶಿಯಲ್ಲಿ ಇಟ್ಟರೆ ಗೊಂಡೆ ಕತ್ತಲಲ್ಲಿ ನೂಲಿನಂತೆ ಉದ್ದವಾಗಿ ಕೆಡುತ್ತದೆ. ಮೊದಲ ಹತ್ತು ಮೊಳಕೆ ಕಂಡ ದಿನವೇ ರಾಶಿ ಬಿಚ್ಚಬೇಕು.

ಸಸಿ ಚಪ್ಪರ ಅಡಿಕೆ ದಬ್ಬೆಯದ್ದೇ ಸಾಕು, ಮೇಲೆ 200 ಮೈಕ್ರಾನ್ ಪಾಲಿಥೀನ್, ನಾಲ್ಕೂ ಬದಿ ತೆರೆದಿರಲಿ. ಇಲ್ಲಿ ಹೆಚ್ಚಿನವರು ತಪ್ಪುವುದು ಶೇಡ್ ನೆಟ್ ವಿಷಯದಲ್ಲಿ. ಬೇಸಿಗೆಯಲ್ಲಿ ಕಟ್ಟಿದ ನೆಟ್ಟನ್ನು ಆಗಸ್ಟ್‌ನಲ್ಲೂ ಬಿಡುತ್ತಾರೆ. ಮೋಡ ಕವಿದ ದಿನಗಳಲ್ಲಿ ಬೆಳಕೇ ಕಡಿಮೆ, ಅದರ ಮೇಲೆ ನೆಟ್ ಬೇರೆ. ಹಿಂದಿನ ವರ್ಷದ ಪಾಲಿಥೀನ್ ಮೇಲೆ ಹಸಿರು ಪಾಚಿ ಕೂತಿದ್ದರೆ ಅದೂ ನೆಟ್ಟಿನಷ್ಟೇ ಕೆಟ್ಟದ್ದು. ಜುಲೈನಲ್ಲೇ ಸೋಪಿನ ನೀರಲ್ಲಿ ಉಜ್ಜಿ ತೊಳೆಯುತ್ತೇನೆ. ಟ್ರೇ ನೆಲದ ಮೇಲೆ ಬೇಡ, ಎರಡೂವರೆ ಅಡಿ ಅಟ್ಟಣಿಗೆಯ ಮೇಲಿರಲಿ. ಮಣ್ಣು ಸಿಡಿಯುವುದಿಲ್ಲ, ಟ್ರೇ ತಳದಿಂದ ಗಾಳಿ ಆಡುತ್ತದೆ. ಆದರೂ ಬಸವನಹುಳು ಹತ್ತುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಡಬ್ಬಕ್ಕೆ ಹಾಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಒಂದು ರಾತ್ರಿ ತಪ್ಪಿದರೆ ಅರ್ಧ ಟ್ರೇ ಖಾಲಿ.

ನೀರು ಕೊಡುವ ಮೊದಲು ಟ್ರೇ ಎತ್ತಿ ನೋಡಬೇಕು. ಹಗುರಾಗಿದ್ದರೆ ಮಾತ್ರ, ಅದೂ ಬೆಳಿಗ್ಗೆ. ಸಂಜೆ ನೀರು ಬಿದ್ದ ಟ್ರೇ ಮಳೆಗಾಲದಲ್ಲಿ ರಾತ್ರಿಯಿಡೀ ಆರುವುದಿಲ್ಲ, ಸಸಿಯ ಕತ್ತು ಬಿಸಿನೀರು ಸುರಿದಂತೆ ಮೆತ್ತಗಾಗಿ ಬೀಳುತ್ತದೆ. ಒಂದು ಟ್ರೇಯಲ್ಲಿ ಕಂಡರೆ ಅದನ್ನು ಚಪ್ಪರದಿಂದಲೇ ಹೊರಗೆ ಹಾಕಿ, ಉಳಿದವಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಬೆರೆಸಿ ಬುಡ ನೆನೆಯುವಂತೆ ಸುರಿಯುತ್ತೇನೆ. ತಾಮ್ರ ಕೊಟ್ಟ ಮೇಲೆ ಟ್ರೈಕೋಡರ್ಮಾಕ್ಕೆ 15 ದಿನ ಅಂತರ ಬೇಕು. ಎರಡನ್ನೂ ಒಟ್ಟಿಗೆ ಹಾಕುವುದು ದುಡ್ಡು ದಂಡ.

ಮಕ್ಕಿ ಗದ್ದೆಯ (ಮಳೆಯಾಶ್ರಿತ ಎತ್ತರದ ಗದ್ದೆ) ಕೆಂಪು ಮಣ್ಣು ಹುಳಿ. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH) 5.5ಕ್ಕಿಂತ ಕೆಳಗಿದ್ದರೆ ನಾಟಿಗೆ ಮೂರು ವಾರ ಮೊದಲು ಗುಂಟೆಗೆ 20 ಕಿಲೋ ಕೃಷಿ ಸುಣ್ಣ, ಆಮೇಲೆ 150 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, 5 ಕಿಲೋ ಬೇವಿನ ಹಿಂಡಿ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಸೇರಿಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಮಡಿಯ ಎತ್ತರ ಒಂದು ಅಡಿಗೆ ಕಡಿಮೆ ಬೇಡ. ಸೆಪ್ಟೆಂಬರ್ ಮಧ್ಯದಲ್ಲಿ, ನಾಲ್ಕೈದು ಎಲೆ ಬಂದ ಸಸಿಯನ್ನು ಸಂಜೆ ನೆಡುತ್ತೇನೆ. ಆಸ್ಟರ್ ನೆಟ್ಟ ಮಡಿಗೆ ಮೂರು ವರ್ಷ ಮತ್ತೆ ಆಸ್ಟರ್ ಹಾಕುವುದಿಲ್ಲ. ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲೇ ಉಳಿಯುತ್ತದೆ, ಮೊಗ್ಗು ಬಂದ ಗಿಡ ಒಂದು ಮಗ್ಗುಲು ಹಳದಿಯಾಗಿ ಬಾಡುತ್ತದೆ. ಆಗ ಯಾವ ಔಷಧಿಯೂ ಕೆಲಸಕ್ಕೆ ಬಾರದು.

ಅಕ್ಟೋಬರ್ ಬಿತ್ತನೆಯಲ್ಲಿ ಬೇರೆ ತೊಡಕಿದೆ. ಆಸ್ಟರ್ ಕಡ್ಡಿ ಉದ್ದ ಬರಲು ಹಗಲು ಉದ್ದ ಬೇಕು. ನವೆಂಬರ್, ಡಿಸೆಂಬರ್‌ನ ಗಿಡ್ಡ ಹಗಲಿನಲ್ಲಿ ಗಿಡ ಗೇಣುದ್ದಕ್ಕೇ ಮೊಗ್ಗು ಹಿಡಿಯುತ್ತದೆ. ನೆಟ್ಟ ಮೇಲೆ ಒಂದು ತಿಂಗಳು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮಡಿಯ ಮೇಲೆ ಬಲ್ಬ್ ಉರಿಸಿದರೆ ಕಡ್ಡಿ ಏಳುತ್ತದೆ. ಕರೆಂಟಿನ ಭರವಸೆ ಇಲ್ಲದವರು ಆ ಬೆಳೆಯನ್ನು ಮೊದಲೇ ಬಿಡಿ ಹೂವಿಗೆಂದು ಲೆಕ್ಕ ಹಾಕುವುದು ಒಳ್ಳೆಯದು.

ಗೊಂಡೆಗೆ ಇಷ್ಟು ನಾಜೂಕು ಬೇಡ. ದೀಪಾವಳಿಯಿಂದ 90 ದಿನ ಹಿಂದಕ್ಕೆ ಎಣಿಸಿ ಬಿತ್ತಿ, ನೆಟ್ಟ 20ನೇ ದಿನ ಕುಡಿ ಚಿವುಟಿ. ಚಿವುಟಿದರೆ ಹೂ ಹತ್ತು ಹನ್ನೆರಡು ದಿನ ತಡ, ಆದರೆ ಕವಲು ಹೆಚ್ಚು. ಹಬ್ಬಕ್ಕೆ ದಿನ ಸಾಲದಿದ್ದರೆ ಚಿವುಟುವುದೇ ಬೇಡ. ನವರಾತ್ರಿಗೆ ಹೂ ಬೇಕೆಂದರೆ ಆಷಾಢದ ಮಳೆಯಲ್ಲಿ ಗದ್ದೆಗೆ ಇಳಿಸಬೇಕು. ಮಳೆ ಕಡಿಮೆ ಇರುವ ಶಿಕಾರಿಪುರ, ಭದ್ರಾವತಿ ಕಡೆಯವರು ಮಾಡಲಿ, ನಮ್ಮ ಘಟ್ಟದ ಸೆರಗಿನಲ್ಲಿ ಬೇರು ಕೊಳೆಯುತ್ತದೆ.

ದವನ ಬೀಜದಿಂದ ಬರುವ ಸೊಪ್ಪುಗಳಲ್ಲಿ ನನಗೆ ಹೆಚ್ಚು ಪ್ರೀತಿಯದ್ದು. ಚೈತ್ರದ ದವನದ ಹುಣ್ಣಿಮೆಗೆ ಕಟ್ಟು ಕಟ್ಟಾಗಿ ಹೋಗುತ್ತದೆ, ಉಳಿದ ದಿನ ಹಾರದವರು ಕೊಳ್ಳುತ್ತಾರೆ. ಬೀಜ ಎರಡು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಿರಿಯುವಾಗ ಮರಳಿನೊಂದಿಗೆ ಬೆರೆಸಿ ನವೆಂಬರ್ ಕೊನೆಯಲ್ಲಿ ಸಸಿಮಡಿಗೆ ಚೆಲ್ಲುತ್ತೇನೆ. ಆರು ವಾರಕ್ಕೆ ನಾಟಿ, ಗೇಣಿಗೊಂದು ಸಾಲು, ಸಾಲಿನಲ್ಲಿ ಅರ್ಧ ಗೇಣಿಗೊಂದು ಗಿಡ. ಚಳಿ, ಇಬ್ಬನಿ ಇದಕ್ಕೆ ಹಿತ, ಮಳೆ ಆಗದು. ಹೂ ಬಿಡುವ ಮೊದಲೇ ಹಾರಕ್ಕೆ ಕೊಯ್ಯಬೇಕು.

ಅಡಿಕೆ ತೋಟದ ನೆರಳಿಗೆ ಆಸ್ಪರಾಗಸ್ (ಹೂಗುಚ್ಛಕ್ಕೆ ಸೇರಿಸುವ ನವಿರಾದ ಸೊಪ್ಪು) ಹೊಂದುತ್ತದೆ. ಹಣ್ಣಿನ ತಿರುಳು ತೊಳೆದು ಒಂದು ದಿನ ನೆನೆಸಿ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿದರೆ ಮೂರರಿಂದ ಆರು ವಾರದೊಳಗೆ ಹಿಂದೆ ಮುಂದೆ ಏಳುತ್ತದೆ. ಬರಲಿಲ್ಲವೆಂದು ಟ್ರೇ ಚೆಲ್ಲಬೇಡಿ. ತುದಿ ಪೂರ್ತಿ ಬಿಚ್ಚಿ ಗಟ್ಟಿಯಾದ ಕಡ್ಡಿಯನ್ನಷ್ಟೇ ಕೊಯ್ದು, ಮೂರರಲ್ಲಿ ಒಂದು ಪಾಲು ಗಿಡಕ್ಕೆ ಬಿಡಿ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕೆಳಗೆ ತೊಟ್ಟಿಕ್ಕಿ ಸೊಪ್ಪಿನ ಮೇಲೆ ನೀಲಿ ಬಿಳಿ ಕಲೆ ಕೂರುತ್ತದೆ, ಅಂಥದ್ದನ್ನು ಯಾರೂ ಕೊಳ್ಳುವುದಿಲ್ಲ. ಔಷಧಿ ಹೊಡೆಯುವ ಹಿಂದಿನ ದಿನವೇ ಬಲಿತದ್ದೆಲ್ಲ ಕೊಯ್ದುಬಿಡುತ್ತೇನೆ. ಬಗನಿ (ಬೈನೆ) ಮರದ ಎಲೆಗೂ ಮಂಟಪ ಕಟ್ಟುವವರಲ್ಲಿ ಬೇಡಿಕೆ ಇದೆ, ಆದರೆ ಅದರ ಹಣ್ಣನ್ನು ಬರಿಗೈಯಲ್ಲಿ ಉಜ್ಜಿದರೆ ವಿಪರೀತ ತುರಿಕೆ. ಕೈಗವಸು ಕಡ್ಡಾಯ.

ಆಸ್ಟರ್ ಕೊಯ್ಲು ಸಂಜೆ ನಾಲ್ಕೂವರೆಯ ಮೇಲೆ. ಬೆಳಗಿನ ಇಬ್ಬನಿ ಒಂಬತ್ತಾದರೂ ಆರುವುದಿಲ್ಲ, ಒದ್ದೆ ಹೂ ಕಟ್ಟಿದರೆ ದಳ ಕಂದುತ್ತದೆ. ಹೊರಸುತ್ತಿನ ದಳ ಪೂರ್ತಿ ಬಿಚ್ಚಿದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ಸವರಿ, ಬಕೆಟ್ ನೀರಿಗೆ ಕೂಡಲೇ ಇಳಿಸಬೇಕು. ರಾತ್ರಿ ತಂಪು ಕೋಣೆಯಲ್ಲಿಟ್ಟು, ಹತ್ತರ ಕಟ್ಟು ಮಾಡಿ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹಾಕುತ್ತೇನೆ. 700ರಲ್ಲಿ 600 ಗಿಡ ಉಳಿದು, ಗಿಡಕ್ಕೆ ಐದು ಒಳ್ಳೆಯ ಕಡ್ಡಿ ಎಂದರೆ 3000. ಬೀಜ, ಟ್ರೇ, ಗೊಬ್ಬರ, ಆಳು, ಬಸ್ ಬಾಡಿಗೆ ಎಲ್ಲ ಕೂಡಿಸಿ 3000ದಿಂದ ಭಾಗಿಸಿ, ಆ ಅಂಕಿ ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಂಡೇ ಡೆಕೋರೇಷನ್‌ನವರ ಜೊತೆ ದರ ಮಾತಾಡುತ್ತೇನೆ, ಅದೂ ಬೀಜ ಬಿತ್ತುವ ಮೊದಲು.