ಒಂದೇ ಸಲ ಕರೆಯುತ್ತಾರೆ: ರೀಬೆಯ ಸೈಡರ್ ಬಾರಿಗೆ ಹೊರಡುವ ಹೊಸಬರಿಗೆ

ಡೆನ್ಮಾರ್ಕಿನ ಎಸ್‌ಬ್ಯಾರ್ಗ್‌ಗೆ ಗಾಳಿಯಂತ್ರದ ಕೆಲಸಕ್ಕೆಂದು ಬಂದಿಳಿಯುವ ಕನ್ನಡಿಗರು ಮೊದಲು ವಿಚಾರಿಸುವುದು ಸಿಪಿಆರ್ ಸಂಖ್ಯೆಯನ್ನು, ಅಂದರೆ ಇಲ್ಲಿಯ ನಿವಾಸಿಗಳ ಗುರುತಿನ ಸಂಖ್ಯೆಯನ್ನು. ಅದೇನೂ ಕಷ್ಟವಲ್ಲ. ಪಾಸ್‌ಪೋರ್ಟ್, ಕೆಲಸದ ಪರವಾನಗಿ, ಮನೆ ಬಾಡಿಗೆಯ ಕರಾರು ಹಿಡಿದು ಹೋಗಿ. ಮಿಟ್‌ಐಡಿ ಎಂಬ ಡಿಜಿಟಲ್ ಗುರುತು, ಹಳದಿ ಆರೋಗ್ಯ ಕಾರ್ಡು, ಬ್ಯಾಂಕ್ ಖಾತೆ ಒಂದರ ಹಿಂದೊಂದು ಆಗುತ್ತವೆ. ನಾನು ಹೇಳಬೇಕೆಂದಿರುವುದು ಯಾರೂ ಕೇಳದ ವಿಷಯ. ಪಕ್ಕದ ಮನೆಯವರೋ ಕಚೇರಿಯವರೋ ನಿಮ್ಮನ್ನು ಹತ್ತಿರದ ರೀಬೆ ಪಟ್ಟಣದ ಸೈಡರ್ ಬಾರಿಗೆ, ಅಂದರೆ ಹುದುಗಿಸಿದ ಸೇಬಿನ ರಸ ಸಿಗುವ ಕಡೆಗೆ, ಕರೆದರೆ ಏನು ಮಾಡಬೇಕು?

ಹೋಗಿ. ಕುಡಿಯದವರೂ ಹೋಗಿ.

ನಾನು ಹೋಗಲಿಲ್ಲ. ಬಂದ ಮೊದಲ ಶರತ್ಕಾಲದಲ್ಲಿ ಪಕ್ಕದ ಮನೆಯ ವಯಸ್ಸಾದ ದಂಪತಿ ಬೇಲಿಯ ಆಚೆಯಿಂದ ಕರೆದಿದ್ದರು: ಶನಿವಾರ ರೀಬೆಗೆ ಹೋಗುತ್ತಿದ್ದೇವೆ, ಅಲ್ಲೊಂದು ಪುಟ್ಟ ಸೈಡರ್ ಬಾರ್ ಇದೆ, ನೀವೂ ಬರುತ್ತೀರಾ? ಬಾರ್ ಎಂಬ ಶಬ್ದ ಕೇಳಿದೊಡನೆ ನನ್ನ ಕಣ್ಣ ಮುಂದೆ ಬಂದದ್ದು ಸಾಗರದ ಬಸ್ ನಿಲ್ದಾಣದ ಹಿಂದಿನ ಓಣಿ, ಮಾಸಿದ ಪರದೆ, ಅದರ ಮುಂದೆ ಹಾದುಹೋಗುವಾಗ ನನ್ನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದ ಅಮ್ಮ. ಹೆಂಡತಿ ಮಗಳನ್ನು ಕರೆದುಕೊಂಡು ಅಂಥಲ್ಲಿಗೆ ಹೋಗುವುದೇ? ‘ಬೇಡ, ಇನ್ನೊಮ್ಮೆ ನೋಡೋಣ’ ಎಂದೆ. ಆದರೂ ಅವರು ಮತ್ತೊಮ್ಮೆ ಕೇಳಲಿ ಎಂಬ ಆಸೆ ಮನಸ್ಸಿನಲ್ಲಿತ್ತು.

ನಮ್ಮ ಪಂಕ್ತಿಯಲ್ಲಿ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಇನ್ನೊಂದು ಹೋಳಿಗೆ ಬೀಳಲೇಬೇಕು. ಒತ್ತಾಯ ಮಾಡದೆ ಬಡಿಸಿದರೆ ಅದು ಉಪಚಾರವೇ ಅಲ್ಲ. ಮೊದಲ ‘ಬೇಡ’ವನ್ನು ನಾವು ಸಂಕೋಚ ಎಂದು ತಿಳಿಯುತ್ತೇವೆ, ಮೂರನೆಯದನ್ನು ಮಾತ್ರ ನಂಬುತ್ತೇವೆ. ಡೇನರು ಮೊದಲನೆಯದನ್ನೇ ನಂಬುತ್ತಾರೆ. ‘ನಾಯ್ ಟಾಕ್’ (ಬೇಡ, ಧನ್ಯವಾದ) ಎಂದು ಒಮ್ಮೆ ಹೇಳಿದರೆ ಮುಗಿಯಿತು. ಮತ್ತೆ ಕೇಳುವುದು ನಿಮ್ಮ ನಿರ್ಧಾರಕ್ಕೆ ಅಗೌರವ ತೋರಿದಂತೆ ಎಂಬುದು ಅವರ ಭಾವನೆ. ಆ ದಂಪತಿ ವಸಂತದಲ್ಲಿ ಇನ್ನೊಮ್ಮೆ ಕರೆದರು, ನಾನು ಅದೇ ಉತ್ತರ ಕೊಟ್ಟೆ. ಮೂರನೆಯ ಕರೆ ಬರಲಿಲ್ಲ. ನಾಲ್ಕು ವರ್ಷ ನಾನು ಊರಿಗೆ ಫೋನು ಮಾಡಿದಾಗಲೆಲ್ಲ ‘ಇಲ್ಲಿಯವರು ಯಾರನ್ನೂ ಹತ್ತಿರ ಸೇರಿಸುವುದಿಲ್ಲ’ ಎಂದು ದೂರಿದೆ. ತಪ್ಪು ನನ್ನದೇ ಎಂದು ಸಹೋದ್ಯೋಗಿಯೊಬ್ಬಳು ಬಿಡಿಸಿ ಹೇಳುವ ಹೊತ್ತಿಗೆ ಅವರು ಮನೆ ಮಾರಿ ಮಗಳ ಊರಿಗೆ ಹೊರಟುಹೋಗಿದ್ದರು. ಆ ಎರಡು ಶನಿವಾರಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರೀಬೆಗೆ ಎಸ್‌ಬ್ಯಾರ್ಗ್‌ನಿಂದ ಸುಮಾರು 30 ಕಿಲೋಮೀಟರ್, ರೈಲಿನಲ್ಲೇ ಹೋಗಿ. ಡೆನ್ಮಾರ್ಕಿನ ಅತ್ಯಂತ ಹಳೆಯ ಪಟ್ಟಣವದು; 2010ರಲ್ಲಿ 1300 ವರ್ಷದ ಹಬ್ಬ ಆಚರಿಸಿತು. ಕಲ್ಲು ಹಾಸಿದ ಬೀದಿಗಳು, ವಾಲಿದ ಮರದ ಚೌಕಟ್ಟಿನ ಮನೆಗಳು, ನಡುವೆ ಕೆಥೆಡ್ರಲ್. ನದಿಯ ದಡದಲ್ಲಿರುವ ನೆರೆಯ ಕಂಬವನ್ನು ಮಾತ್ರ ತಪ್ಪದೆ ನೋಡಿ. ಯಾವ ವರ್ಷ ಸಮುದ್ರ ಎಷ್ಟು ಎತ್ತರಕ್ಕೆ ಏರಿತೆಂದು ಅದರಲ್ಲಿ ಗುರುತಿಸಿದ್ದಾರೆ. 1634ರ ಗುರುತು ನಮ್ಮ ತಲೆಗಿಂತ ಎಷ್ಟೋ ಮೇಲಿದೆ. ನ್ಯೂಯಾರ್ಕಿನ ಬಡವರ ಕೇರಿಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ ಜೇಕಬ್ ರೀಸ್ ಹುಟ್ಟಿದ್ದು ಇದೇ ಊರಿನಲ್ಲಿ. 1870ರಲ್ಲಿ, 21ನೆಯ ವಯಸ್ಸಿನಲ್ಲಿ, ಬದುಕು ಹುಡುಕಿಕೊಂಡು ಅಮೆರಿಕಕ್ಕೆ ಹೊರಟವರು ಅವರು. ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನಿಂತಾಗ, ಈ ಊರೂ ತನ್ನ ಮಕ್ಕಳನ್ನು ಪರದೇಶಕ್ಕೆ ಕಳಿಸಿ ಕಾಗದಕ್ಕಾಗಿ ಕಾದಿತ್ತಲ್ಲ ಎನಿಸಿ ನನಗೆ ಅದು ಆಪ್ತವಾಯಿತು.

ಇನ್ನು ಬಾರಿನ ವಿಷಯ. ನಾನು ಹೋಗುವ ಜಾಗದಲ್ಲಿ ಇರುವುದೇ ಆರು ಮೇಜು. ನಮ್ಮ ಅಭ್ಯಾಸದಂತೆ ಮೂರು ಕುಟುಂಬ ಒಟ್ಟಿಗೆ ಹೇಳದೆ ಕೇಳದೆ ನುಗ್ಗಬೇಡಿ. ಮೊದಲೇ ಜಾಗ ಕಾಯ್ದಿರಿಸಿ, ಮಕ್ಕಳು ಬರಬಹುದೇ ಎಂದೂ ಕೇಳಿ. 40 ಚದರ ಮೀಟರಿಗಿಂತ ಚಿಕ್ಕದಾದ ಕೆಲವು ಹಳೆಯ ಮದ್ಯದಂಗಡಿಗಳಲ್ಲಿ ಒಳಗೆ ಸಿಗರೇಟು ಸೇದಲು ಈಗಲೂ ಕಾನೂನಿನ ಅವಕಾಶವಿದೆ, ಅಂಥವು ಬೇರೆ.

ಶಬ್ದಗಳನ್ನು ಸರಿಯಾಗಿ ಕಲಿಯಿರಿ. ‘ಎಬ್ಲೆಮೋಸ್ಟ್’ ಎಂದರೆ ಹಿಂಡಿದ ಸೇಬಿನ ರಸ, ಮದ್ಯವಿಲ್ಲ. ‘ಸೈಡರ್’ ಎಂದರೆ ಹುದುಗಿದ್ದು, ಅದರಲ್ಲಿ ಮದ್ಯವಿದೆ. ಹಣ್ಣಿನ ರಸವೆಂದೇ ತಿಳಿದು ನಾನು ಎರಡು ಲೋಟ ಸೈಡರ್ ತರಿಸಿ ಒಂದನ್ನು ಎಂಟು ವರ್ಷದ ಮಗಳ ಮುಂದೆ ಸರಿಸಿದ್ದೆ. ಅಂಗಡಿಯಾತ ಓಡಿ ಬಂದು ಲೋಟ ತೆಗೆದು, ಒಂದು ಮಾತೂ ಆಡದೆ ಮೋಸ್ಟ್ ತಂದಿಟ್ಟರು. ಆ ಕ್ಷಣದಲ್ಲಿ ಮೈ ನಡುಗಿದ್ದು ನೆನಪಿದೆ. ಕಾರು ಓಡಿಸುವವರೂ ಮೋಸ್ಟನ್ನೇ ಕುಡಿಯಿರಿ. ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.5 ಮಾತ್ರ. ಸಸ್ಯಾಹಾರಿಗಳು ಚೀಸ್ ತಟ್ಟೆ ತರಿಸುವ ಮುನ್ನ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸಿದ್ದಾರೆಯೇ ಎಂದು ಕೇಳಿ. ಯಾರೂ ಬೇಸರಪಡುವುದಿಲ್ಲ. ಲೋಟ ಎತ್ತಿ ‘ಸ್ಕೋಲ್’ ಎಂದಾಗ ಎದುರಿನವರ ಕಣ್ಣು ನೋಡಿ. ಹಿರಿಯರ ಮುಂದೆ ಕಣ್ಣು ತಗ್ಗಿಸುವ ನಮ್ಮ ವಿನಯ ಇಲ್ಲಿ ತಾತ್ಸಾರದಂತೆ ಕಾಣುತ್ತದೆ.

ಬಿಲ್ಲಿನ ವಿಷಯದಲ್ಲಿ ನಾನು ಎಡವಿದ್ದು ಇನ್ನೂ ದೊಡ್ಡದು. ಕಚೇರಿಯ ಐವರ ಜೊತೆ ಹೋದಾಗ ಎಲ್ಲರಿಗಿಂತ ಮೊದಲು ಎದ್ದು ಪೂರ್ತಿ ಹಣ ಕಟ್ಟಿದೆ. ಮರುದಿನ ಬೆಳಿಗ್ಗೆ ಐವರೂ ತಮ್ಮ ತಮ್ಮ ಪಾಲನ್ನು ಮೊಬೈಲ್‌ಪೇ ಮೂಲಕ ಲೆಕ್ಕ ಹಾಕಿ ಕಳಿಸಿದ್ದರು. ಪ್ರೀತಿಯಿಂದ ಕೊಟ್ಟದ್ದನ್ನು ಮುಖಕ್ಕೆ ಎಸೆದರೆಂದು ಅಂದು ಉಂಡ ಅನ್ನ ಮೈಗೆ ಹತ್ತಲಿಲ್ಲ. ಯಾರ ಮೇಲೂ ಋಣ ಹೊರಿಸದೆ ಸಮಾನರಾಗಿ ಕೂರುವುದು ಅವರ ಪ್ರೀತಿ ಎಂಬುದು ಅರ್ಥವಾಗಲು ಕಾಲ ಬೇಕಾಯಿತು. ಕೊಡಲೇಬೇಕೆನಿಸಿದರೆ ಮನೆಗೆ ಊಟಕ್ಕೆ ಕರೆಯಿರಿ, ಸಂತೋಷದಿಂದ ಬರುತ್ತಾರೆ.

ನಾನು ಮೊದಲ ಬಾರಿಗೆ ಅಲ್ಲಿ ಮನಸ್ಸು ಬಿಚ್ಚಿ ಮಾತನಾಡಿದ್ದು ದೋಸೆ ಹಿಟ್ಟಿನ ಬಗ್ಗೆ. ಅಂಗಡಿಯಾತ ತಾವು ಯೀಸ್ಟ್ ಹಾಕುವುದಿಲ್ಲ, ಸಿಪ್ಪೆಯ ಮೇಲೆ, ಗಾಣದ ಮೇಲೆ ಇರುವುದೇ ಸಾಕು, ಚಳಿಗಾಲವಿಡೀ ತಣ್ಣನೆಯ ಕೊಟ್ಟಿಗೆಯಲ್ಲಿ ನಿಧಾನವಾಗಿ ಹುದುಗುತ್ತದೆ ಎಂದು ವಿವರಿಸುತ್ತಿದ್ದರು. ಹುದುಗು ಮುಗಿಯುವ ಮುನ್ನವೇ ಸೀಸೆಗೆ ತುಂಬಿದರೆ ಗುಳ್ಳೆ ಅದರೊಳಗೇ ಹುಟ್ಟುತ್ತದಂತೆ. ನಮ್ಮಲ್ಲೂ ಹೀಗೆಯೇ, ಅಕ್ಕಿ ಉದ್ದು ರುಬ್ಬಿ ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬುತ್ತದೆ, ಯಾರೂ ಏನೂ ಹಾಕುವುದಿಲ್ಲ ಎಂದೆ. ಆದರೆ ಇಲ್ಲಿಯ ಚಳಿಯಲ್ಲಿ ಉಬ್ಬುವುದಿಲ್ಲ, ಓವನ್ನಿನ ದೀಪ ಹಾಕಿ ಒಳಗಿಡುತ್ತೇವೆ ಎಂದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತರು. ಎಷ್ಟು ಗಂಟೆ, ಎಷ್ಟು ಉಪ್ಪು, ಹುಳಿ ಹೆಚ್ಚಾದರೆ ಏನು ಮಾಡುತ್ತೀರಿ? ಈ ದೇಶಕ್ಕೆ ಬಂದ ಮೇಲೆ ನನಗೆ ನಿಜವಾಗಿ ಗೊತ್ತಿರುವುದನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಅವರ ಹಲಗೆಯ ಮೇಲೆ ಸೇಬಿನ ಜಾತಿಗಳ ಹೆಸರಿರುತ್ತದೆ. ಗ್ರೋಸ್ಟೇನ್, 2005ರಲ್ಲಿ ದೇಶದ ರಾಷ್ಟ್ರೀಯ ಸೇಬೆಂದು ಆರಿಸಿದ್ದು. ಫಿಲಿಪ್ಪಾ. ಇಂಗ್ರಿಡ್ ಮರೀ, ಫ್ಯೂನ್ ದ್ವೀಪದ ಶಾಲೆಯೊಂದರ ತೋಟದಲ್ಲಿ 1910ರ ಸುಮಾರಿಗೆ ಸಿಕ್ಕಿದ್ದು, ಶಿಕ್ಷಕರ ಮಗಳ ಹೆಸರು ಹೊತ್ತದ್ದು. ನನ್ನ ಮಗಳಿಗೆ ಇವೆಲ್ಲ ಬಾಯಿಪಾಠ, ರುಚಿ ನೋಡಿಯೇ ಹೆಸರು ಹೇಳುತ್ತಾಳೆ. ಅವಳ ವಯಸ್ಸಿನಲ್ಲಿ ನಾನು ಹಳ್ಳದ ದಂಡೆಯ ಅಪ್ಪೆಮಿಡಿಯ ಮರಗಳನ್ನು ಸೊನೆಯ ವಾಸನೆಯಿಂದಲೇ ಗುರುತಿಸುತ್ತಿದ್ದೆ. ಇದು ಜೀರಿಗೆ ಪರಿಮಳದ್ದು, ಇದು ಕರ್ಪೂರದ್ದು. ಆ ಮರಗಳ ಕೆಳಗೆ ಅವಳು ನಿಂತದ್ದು ಒಂದೇ ಒಂದು ಬೇಸಿಗೆ, ಅದೂ ಹತ್ತು ದಿನ. ಉಪ್ಪಿನಕಾಯಿ ಅವಳಿಗೆ ಖಾರ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ನಿಮಗೆ ಹೇಳಲೇಬೇಕು: ಮಕ್ಕಳು ಇಲ್ಲಿಯ ಹೆಸರುಗಳನ್ನು ಕಲಿಯಲೆಂದು ಬಿಡಿ, ಆದರೆ ನಮ್ಮ ಹೆಸರುಗಳು ತಾವಾಗಿಯೇ ಬರುತ್ತವೆ ಎಂದು ನನ್ನಂತೆ ಕಾಯುತ್ತ ಕೂರಬೇಡಿ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಹಿತ್ತಲಿನ ಮರದ ಸೇಬನ್ನು ಎರಡು ಚೀಲ ತುಂಬಿ ಆ ಬಾರಿನವರಿಗೆ ಒಯ್ದೆವು. ಊರವರ ತೋಟದಲ್ಲಿ ಮಿಕ್ಕಿದ್ದನ್ನೂ ಅವರು ತೆಗೆದುಕೊಳ್ಳುತ್ತಾರೆ. ಯಾವ ಹಣ್ಣೆಂದು ಹಲಗೆಯ ಮೇಲೆ ಬರೆಯಲು ಮಗಳ ಕೈಗೆ ಸೀಮೆಸುಣ್ಣ ಕೊಟ್ಟು, ನಿಮ್ಮ ಭಾಷೆಯಲ್ಲೇ ಬರೆ ಎಂದರು. ಅವಳು ‘ಸೆಬು’ ಎಂದು ಬರೆದು ನನ್ನತ್ತ ತಿರುಗಿದಳು. ನಾನು ಎದ್ದು ಹೋಗಿ, ಅಜ್ಜ ಹರಿವಾಣದ ಅಕ್ಕಿಯ ಮೇಲೆ ನನ್ನ ಬೆರಳು ಹಿಡಿದು ಬರೆಸಿದ ಹಾಗೆ, ಅವಳ ಕೈ ಹಿಡಿದು ದೀರ್ಘ ಎಳೆಸಿದೆ.