ಮಡಿಕೇರಿಯ ಮಳೆಗಾಲದಲ್ಲಿ ಹಾಯಿಹಡಗುಗಳಿಗೆ ಬಣ್ಣ: ನನ್ನ ಅನುಭವ

ಮೇಜಿನ ಮೇಲೆ ಆಡುವ ಯುದ್ಧದಾಟಕ್ಕಾಗಿ ಹಾಯಿಹಡಗುಗಳ ಪುಟ್ಟ ಮಾದರಿಗಳಿಗೆ ಬಣ್ಣ ಹಚ್ಚುವವರಿಗೆ ಸಿಗುವ ಸೂಚನೆಗಳೆಲ್ಲ ಒಣಹವೆಯ ಊರುಗಳಲ್ಲಿ ಕುಳಿತು ಬರೆದಂತಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಮಡಿಕೇರಿಯಲ್ಲಿ ಯಾವ ಬಣ್ಣ ಹಚ್ಚಬೇಕು ಎನ್ನುವುದಕ್ಕಿಂತ ಮೊದಲು, ಯಾವ ಕೆಲಸಕ್ಕೆ ಯಾವ ತಿಂಗಳು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಸ್ಪ್ರೇ ಡಬ್ಬಿಯ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ) ಮತ್ತು ಮ್ಯಾಟ್ ವಾರ್ನಿಷ್ (ಕೊನೆಗೆ ಹಚ್ಚುವ, ಹೊಳಪಿಲ್ಲದ ರಕ್ಷಣೆಯ ಲೇಪ) ಎರಡನ್ನೂ ನಾನು ಜನವರಿಯಿಂದ ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬೀಳುವ ತನಕದ ಅವಧಿಯಲ್ಲಿ, ಅದರಲ್ಲೂ ಮಂಜು ಕರಗಿ ಬಿಸಿಲೇರಿದ ಮೇಲೆ, ಹೊರಗೆ ಹೊಡೆಯುತ್ತೇನೆ. ತೇವ ಹೆಚ್ಚಿರುವಾಗ ಹೊಡೆದ ವಾರ್ನಿಷ್ ಬೆಳ್ಳಗೆ ಮಸುಕಾಗುತ್ತದೆ. ಹಡಗಿನ ಕಪ್ಪು ಒಡಲಿನ ಮೇಲೆ ಆ ಮಸುಕು ಎದ್ದು ಕಾಣುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆಯಾದ್ದರಿಂದ, ಗಾಳಿಯ ದಿಕ್ಕು ನೋಡಿಕೊಂಡು ದೂರದ ಮೂಲೆಯೊಂದನ್ನು ಹಿಡಿಯುವುದು ಕ್ಷೇಮ. ಕಾಫಿಗೆ ಪೇಂಟಿನ ವಾಸನೆ ಹತ್ತಿತೆಂದರೆ ಮನೆಯವರು ಹಡಗುಗಳನ್ನೂ ನನ್ನನ್ನೂ ಒಟ್ಟಿಗೇ ಹೊರಗೆ ಹಾಕಿಯಾರು.

ಮಳೆಗಾಲ ಕುಂಚದ ಕೆಲಸಕ್ಕೆ ಮೀಸಲು. ನನ್ನಲ್ಲಿರುವ ಮಾದರಿಗಳು 1:700 ಅಳತೆಯವು, ಅಂದರೆ ನಿಜವಾದ ಹಡಗಿನ ಏಳುನೂರರಲ್ಲಿ ಒಂದು ಪಾಲು. ಬ್ರಿಟಿಷ್ ನೌಕಾಪಡೆಯ ದಂಡನಾಯಕ ನೆಲ್ಸನ್ನನ ‘ವಿಕ್ಟರಿ’ ಹಡಗಿನ ಫಿರಂಗಿ ಡೆಕ್ಕಿನ ಉದ್ದ 186 ಅಡಿ. ಈ ಅಳತೆಯಲ್ಲಿ ಅದು ಸುಮಾರು ಎಂಟು ಸೆಂಟಿಮೀಟರ್ ಆಗುತ್ತದೆ, ಫಿರಂಗಿಯ ಕಿಂಡಿ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದಾಗುತ್ತದೆ. ಇಷ್ಟು ಚಿಕ್ಕ ವಸ್ತುವಿಗೆ ನಿಜವಾದ ಹಡಗಿನ ಬಣ್ಣವನ್ನೇ ಬಳಿದರೆ ಎರಡಡಿ ದೂರದಿಂದ ಅದು ಕಪ್ಪು ಮುದ್ದೆಯಾಗಿ ಕಾಣುತ್ತದೆ. ಆದ್ದರಿಂದ ಕಪ್ಪಿಗೆ ಸ್ವಲ್ಪ ಬೂದು ಬಣ್ಣವನ್ನೂ ಯೆಲ್ಲೋ ಓಕರ್ ಎಂಬ ಮಣ್ಣುಹಳದಿಗೆ ಸ್ವಲ್ಪ ಬಿಳಿಯನ್ನೂ ಬೆರೆಸಿಕೊಳ್ಳುತ್ತೇನೆ.

ಒಡಲಿಗೆಲ್ಲ ಮೊದಲು ಕಪ್ಪು, ಅದು ಒಣಗಿದ ಮೇಲೆ ಕಿಂಡಿಗಳ ಸಾಲಿನುದ್ದಕ್ಕೂ ಹಳದಿ ಪಟ್ಟೆ. ಕಿಂಡಿಯ ಮುಚ್ಚಳಗಳನ್ನು ಸೂಜಿಮೊನೆಯ ಕುಂಚದಿಂದ ಒಂದೊಂದಾಗಿ ತುಂಬುವವರಿದ್ದಾರೆ; ಆ ತಾಳ್ಮೆ ನನಗೆ ವ್ಯರ್ಥವೆನ್ನಿಸುತ್ತದೆ. ಮುಚ್ಚಳಗಳು ಉಬ್ಬಿಕೊಂಡಿರುವ ಮಾದರಿಯಾದರೆ, ಚಪ್ಪಟೆ ಕುಂಚಕ್ಕೆ ಕಪ್ಪು ತಾಗಿಸಿ, ಅದನ್ನು ಬಟ್ಟೆಯ ಮೇಲೆ ಒರೆಸಿ, ಕೂದಲಿನ ತುದಿಯಿಂದಲ್ಲದೆ ಪಕ್ಕದಿಂದ, ಒತ್ತದೆ ಮೂತಿಯಿಂದ ಹಿಂಭಾಗದವರೆಗೆ ಒಂದೇ ಎಳೆತದಲ್ಲಿ ಎಳೆದರೆ ಮುಚ್ಚಳಗಳು ಮಾತ್ರ ಬಣ್ಣ ಹಿಡಿಯುತ್ತವೆ, ನಡುವಿನ ಹಳದಿ ಹಾಗೆಯೇ ಉಳಿಯುತ್ತದೆ. ಕಪ್ಪು ಹಳದಿಯ ಈ ಚೌಕುಳಿ ಇಂದಿಗೂ ನೆಲ್ಸನ್ನನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1805ರ ಅಕ್ಟೋಬರ್ 21ರ ಟ್ರಫಾಲ್ಗರ್ ಕದನಕ್ಕೆ ಮುನ್ನ ಅವನು ತನ್ನ ಹಡಗುಗಳ ಕೂವೆಮರಗಳಿಗೆ (ಹಾಯಿ ಕಟ್ಟುವ ಕಂಬಗಳಿಗೆ) ಬಿಗಿದಿದ್ದ ಕಬ್ಬಿಣದ ಪಟ್ಟಿಗಳಿಗೂ ಹಳದಿ ಹಚ್ಚಿಸಿದ್ದನು. ಶತ್ರುಗಳಾದ ಫ್ರೆಂಚರ ಮತ್ತು ಸ್ಪ್ಯಾನಿಷರ ಹಡಗುಗಳ ಪಟ್ಟಿಗಳು ಕಪ್ಪಾಗಿದ್ದುದರಿಂದ ಹೊಗೆಯ ನಡುವೆಯೂ ತಮ್ಮವರು ಯಾರೆಂಬುದು ತಿಳಿಯಲಿ ಎಂಬುದು ಅವನ ಉದ್ದೇಶವಾಗಿತ್ತು. ವಿರಾಜಪೇಟೆಯ ಗೆಳೆಯ ಫ್ರೆಂಚ್ ಪಡೆಯನ್ನು ತಂದು ಎದುರು ಕುಳಿತಾಗ, ಹಡಗುಗಳು ಒಂದಕ್ಕೊಂದು ಸಿಕ್ಕಿಕೊಂಡ ಮೇಲೆ ನನಗೂ ಅದೇ ಗುರುತು ನೆರವಾಗುತ್ತದೆ.

ಡೆಕ್ಕಿಗೆ ಕಂದು ಬಣ್ಣ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಪೇಂಟ್ ಕಾಣದ ಮರ ಬಿಸಿಲಿಗೂ ನೀರಿಗೂ ಬೂದಿಯ ಬಣ್ಣಕ್ಕೆ ತಿರುಗುತ್ತದೆಂಬುದನ್ನು ನಮ್ಮ ತೋಟದ ಗೇಟಿನ ತೇಗವೇ ಹೇಳುತ್ತದೆ. ಮುಂಬೈಯ ವಾಡಿಯಾ ಮನೆತನದವರು ತೇಗದಿಂದ ಕಟ್ಟಿ 1810ರಲ್ಲಿ ನೀರಿಗಿಳಿಸಿದ, 74 ಫಿರಂಗಿಗಳ ‘ಮಿಂಡೆನ್’ ನನ್ನ ಪಡೆಯಲ್ಲಿದೆ. ಅದರ ಡೆಕ್ಕಿಗೂ ತಿಳಿ ಬೂದು ಬಳಿದು, ನೀರು ಬೆರೆಸಿದ ಕಂದನ್ನು ಹಲಗೆಗಳ ಸಂದಿಗೆ ಮಾತ್ರ ಇಳಿಸಿದ್ದೇನೆ. ಹಾಯಿಗಳಿಗೂ ಅಚ್ಚ ಬಿಳಿ ಸಲ್ಲದು. ಅವು ಅಗಸೆ ನಾರಿನ, ಸುಮಾರು ಎರಡಡಿ ಅಗಲದ ಬಟ್ಟೆಯ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದವು. ಕೆನೆಬಣ್ಣದ ಮೇಲೆ ಗಟ್ಟಿ ಪೆನ್ಸಿಲಿನಿಂದ ಒಂದು ಮಿಲಿಮೀಟರಿಗೊಂದು ತೆಳುಗೆರೆ ಎಳೆದರೆ ಆ ಹೊಲಿಗೆ ಮೂಡುತ್ತದೆ.

ಹಗ್ಗಗಳಿಗೆ ದುಬಾರಿ ದಾರವೇನೂ ಬೇಕಿಲ್ಲ. ದರ್ಜಿಯಂಗಡಿಯ ಪಾಲಿಯೆಸ್ಟರ್ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎಳೆದರೆ ಅದರ ಜುಂಗು ಅಡಗುತ್ತದೆ, ಮತ್ತು ಆ ಮೇಣಕ್ಕೆ ಕೊಡಗಿನಲ್ಲಿ ಬರವಿಲ್ಲ. ಕೂವೆಮರಗಳನ್ನು ಬಿಗಿದು ನಿಲ್ಲಿಸುವ ಹಗ್ಗಗಳು ಡಾಂಬರು ಸವರಿದವಾದ್ದರಿಂದ ಕಪ್ಪು. ಹಾಯಿಯನ್ನು ಎಳೆದಾಡಿಸುವ ಹಗ್ಗಗಳು ತಿಳಿಗಂದು. ಗಂಟಿಗೆ ಬಿಳಿ ಫೆವಿಕಾಲ್‌ನ ಒಂದು ಹನಿ ಸಾಕು. ತಕ್ಷಣ ಹಿಡಿಯುವ ಅಂಟುಗಳು ಇಲ್ಲಿಯ ತೇವದಲ್ಲಿ ಸುತ್ತಲೂ ಬಿಳಿ ಪುಡಿ ಕಟ್ಟುತ್ತವೆ. ಅದೇ ತೇವಕ್ಕೆ ಎಂಡಿಎಫ್ ಹಲಗೆಯೂ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಉಬ್ಬುವುದರಿಂದ, ಹಡಗಿನಡಿಯ ಸಮುದ್ರದಂತಿರುವ ಪೀಠಕ್ಕೆ ಅಕ್ರಿಲಿಕ್ ಹಾಳೆಯನ್ನೇ ಬಳಸುತ್ತೇನೆ.

ಬಾವುಟಗಳನ್ನು ಕಾಗದದಲ್ಲಿ ಮುದ್ರಿಸಿ ಮಡಚಿ ಅಂಟಿಸುವುದು ಸುಲಭ, ಆದರೆ ಗಮನಿಸಬೇಕಾದದ್ದು ಎರಡಿದೆ. 1801ಕ್ಕೆ ಹಿಂದಿನ ಬ್ರಿಟಿಷ್ ಹಡಗಾದರೆ ಅದರ ಬಾವುಟದಲ್ಲಿ ಐರ್ಲೆಂಡಿನ ಕೆಂಪು ಓರೆಪಟ್ಟೆಗಳು ಇರಬಾರದು. ಎರಡನೆಯದು ಗಾಳಿ. ಹಾಯಿ ಹಿಂದಿನ ಗಾಳಿಯಿಂದ ಉಬ್ಬಿ ನಿಂತಿರುವಾಗ ಬಾವುಟವೂ ಮುಂದಕ್ಕೇ ಹಾರಬೇಕು. ಮೋಟಾರು ದೋಣಿಯಲ್ಲಿರುವಂತೆ ಅದನ್ನು ಹಿಂದಕ್ಕೆ ಹಾರಿಸಿದ ಮಾದರಿಗಳು ಎಷ್ಟೋ ಇವೆ.

ಕೆಲಸ ಮುಗಿದ ಹಡಗುಗಳು ಗಾಜಿನ ಬಾಗಿಲಿನ ಬೀರುವಿನಲ್ಲಿರುತ್ತವೆ. ಹಿಂದೆ ಕ್ಯಾಮೆರಾ ಇದ್ದವರು ಮಾಡುತ್ತಿದ್ದಂತೆ ಕೆಳಗಿನ ಅರೆಯಲ್ಲಿ ಸಣ್ಣ ಬಲ್ಬೊಂದನ್ನು ಉರಿಸಿಟ್ಟರೆ ದಾರಕ್ಕೂ ಕಾಗದಕ್ಕೂ ಬೂಷ್ಟು ಹಿಡಿಯುವುದಿಲ್ಲ. ಅದು ಹಳೆಯ ತಂತಿಯ ಬಲ್ಬೇ ಆಗಿರಬೇಕು, ಎಲ್‌ಇಡಿ ಕೊಡುವ ಶಾಖ ಇದಕ್ಕೆ ಸಾಲದು; ಹಡಗುಗಳನ್ನು ಅದರಿಂದ ಎರಡು ಅರೆಗಳಷ್ಟು ಮೇಲಿಡದಿದ್ದರೆ ಪ್ಲಾಸ್ಟಿಕ್ ಕೂವೆಮರಗಳು ಬಾಗುತ್ತವೆ.