ಹೈಬ್ರಿಡ್ ಕಾರಿನ ಇನ್‌ವರ್ಟರ್ ಬಿಸಿಯಾಗುತ್ತಿದೆಯೇ? ಮೊದಲು ಪಂಪ್ ನೋಡಿ

ಎಂಜಿನ್ ತಣ್ಣಗಿದ್ದರೂ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡು ಗಾಡಿಯ ಎಳೆತ ಕುಗ್ಗಿದರೆ ಅನುಮಾನ ಇನ್‌ವರ್ಟರ್ ಮೇಲೆ ಬರುತ್ತದೆ. ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಎಸಿ ಮಾಡಿಕೊಡುವ ಈ ಪೆಟ್ಟಿಗೆ ಬಲು ದುಬಾರಿ. ಅದನ್ನು ಬಿಚ್ಚುವ ಮುನ್ನ ಅದರ ಬಿಸಿ ಹೊರಹೋಗುವ ದಾರಿಯನ್ನು ಪರೀಕ್ಷಿಸಬೇಕು. 2004–09ರ ಟೊಯೋಟಾ ಪ್ರಿಯಸ್‌ನಲ್ಲಿ ಕೈಕೊಡುತ್ತಿದ್ದುದು ಇನ್‌ವರ್ಟರ್‌ನ ಕೂಲಂಟ್ (ತಣಿಸುವ ದ್ರವ) ಹರಿಸುವ ಪುಟ್ಟ 12 ವೋಲ್ಟ್ ಪಂಪ್. ಅದಕ್ಕಾಗಿ ಕಂಪನಿ 2012ರಲ್ಲಿ ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಸಿತ್ತು (ರೀಕಾಲ್). ಮುಂದಿನ ಹಂತಗಳು ಆ ಕಾರಿನವು.

1. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಅದರಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಇಲ್ಲಿನ ಯಾವ ಪರೀಕ್ಷೆಗೂ ಇನ್‌ವರ್ಟರ್ ಮುಚ್ಚಳ ತೆರೆಯಬೇಕಾಗಿಲ್ಲ.

2. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಅಳಿಸುವುದು ಕೊನೆಗೆ. ಪಿ0ಎ93 (P0A93) ಬಂದರೆ ಇನ್‌ವರ್ಟರ್ ತಣಿಸುವ ವ್ಯವಸ್ಥೆಯಲ್ಲೇ ತೊಂದರೆ.

3. ಗಾಡಿ ತಣ್ಣಗಿರುವಾಗ ಇನ್‌ವರ್ಟರ್‌ನ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಇದು ಎಂಜಿನ್ ಕೂಲಂಟ್ ಟ್ಯಾಂಕ್ ಅಲ್ಲ, ಎರಡೂ ಬೇರೆ ಬೇರೆ. ಬ್ರೇಕ್ ತುಳಿಯದೆ ಪವರ್ ಬಟನ್ ಎರಡು ಸಲ ಒತ್ತಿ. ಹೀಗೆ ಮಾಡಿದರೆ ಪಂಪ್ ಓಡುತ್ತದೆ, ಎಂಜಿನ್ ತಾನಾಗಿ ಸ್ಟಾರ್ಟ್ ಆಗುವ ಅಪಾಯವಿಲ್ಲ. ಟ್ಯಾಂಕಿನಲ್ಲಿ ಕೂಲಂಟ್ ಸುಳಿಯೆದ್ದು ಅಲುಗಾಡಬೇಕು. ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ, ಖರ್ಚೂ ಇಲ್ಲ.

4. ಕೂಲಂಟ್ ಅಲುಗಾಡದಿದ್ದರೆ ಪಂಪ್‌ನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟ್ ಬರುತ್ತಿದ್ದು, ಅರ್ತಿಂಗ್ ಸರಿಯಿದ್ದೂ ಪಂಪ್ ತಿರುಗದಿದ್ದರೆ ಪಂಪ್ ಕೆಟ್ಟಿದೆ. ವೋಲ್ಟೇಜೇ ಇಲ್ಲದಿದ್ದರೆ ಫ್ಯೂಸ್, ರಿಲೇ, ವೈರಿಂಗ್ ನೋಡಿ. ಸುಟ್ಟ ಫ್ಯೂಸನ್ನು ಸುಮ್ಮನೆ ಬದಲಿಸಬೇಡಿ. ಪಂಪ್‌ನ ಒಳಸುರುಳಿ ಶಾರ್ಟ್ ಆಗಿದ್ದರೆ ಹೊಸದೂ ಸುಡುತ್ತದೆ.

5. ಪಂಪ್ ಸದ್ದು ಮಾಡುತ್ತಿದ್ದರೂ ಕೂಲಂಟ್ ಹರಿಯದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಹೊಸ ಪಂಪ್ ಹಾಕಿದ ಮೇಲೆ ಗಾಳಿ ತೆಗೆಯದೆ ಬಿಟ್ಟರೆ ಅದೇ ಕೋಡ್ ಮರಳಿ ಬರುತ್ತದೆ. ಗಾಳಿ ಹೊರಬಿಡುವ ಬ್ಲೀಡರ್ ಸಡಿಲಿಸಿ, ಪಂಪ್ ಓಡಿಸುತ್ತಾ, ಗುಳ್ಳೆ ನಿಲ್ಲುವವರೆಗೂ ಕೂಲಂಟ್ ಸೇರಿಸುತ್ತಿರಿ. ಹಾಕಬೇಕಾದದ್ದು ಕಂಪನಿ ಸೂಚಿಸಿದ, ಮೊದಲೇ ನೀರು ಬೆರೆಸಿದ ಗುಲಾಬಿ ಕೂಲಂಟ್. ನಲ್ಲಿ ನೀರು ಬೇಡವೇ ಬೇಡ.

6. ಹರಿವು ಚೆನ್ನಾಗಿದ್ದರೆ ರೇಡಿಯೇಟರ್ ಹಲ್ಲುಗಳಲ್ಲಿ ಕೆಸರು, ಎಲೆ ಕಟ್ಟಿಕೊಂಡಿದೆಯೇ, ಫ್ಯಾನ್ ತಿರುಗುತ್ತಿದೆಯೇ ನೋಡಿ. ನಂತರ ಸ್ಕ್ಯಾನರ್‌ನಲ್ಲಿ ಎರಡೂ ಮೋಟಾರುಗಳ ಇನ್‌ವರ್ಟರ್ ತಾಪಮಾನ ಹೋಲಿಸಿ. ಎರಡೂ ಒಟ್ಟಿಗೆ ಏರಿದರೆ ತಣಿಸುವ ವ್ಯವಸ್ಥೆಯ ದೋಷ. ರಾತ್ರಿಯಿಡೀ ನಿಂತ ಗಾಡಿಯಲ್ಲೂ ಒಂದೇ ಒಂದು ಹೆಚ್ಚು ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಪಿ0ಎ94 (P0A94) ಕೋಡ್ ಬಂದರೆ ಲೆಕ್ಕ ಬೇರೆ. ಅದರಲ್ಲಿ ಬ್ಯಾಟರಿಯ ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್‌ನ ಟ್ರಾನ್ಸಿಸ್ಟರ್‌ಗಳು ಬಿಸಿಗೆ ಹಾಳಾಗುತ್ತಿದ್ದುದರಿಂದ 2014ರಲ್ಲಿ ಸುಮಾರು 19 ಲಕ್ಷ ಕಾರುಗಳ ಸಾಫ್ಟ್‌ವೇರ್ ಬದಲಿಸಲು ರೀಕಾಲ್ ಆಯಿತು. ಇಲ್ಲಿ ಕೂಲಂಟ್ ಹರಿವು ಸರಿಯಿದ್ದ ಮಾತ್ರಕ್ಕೆ ಇನ್‌ವರ್ಟರ್ ಸರಿಯಿದೆ ಎನ್ನಲಾಗದು. ಸರ್ವಿಸ್ ಸೆಂಟರ್‌ನಲ್ಲಿ ರೀಕಾಲ್ ಕೆಲಸ ಮುಗಿದಿದೆಯೇ ಎಂದು ವಿಚಾರಿಸಿ.

ಪ್ರಿಯಸ್‌ನ ಹೈಬ್ರಿಡ್ ಬ್ಯಾಟರಿಯನ್ನು ತಣಿಸುವುದು ಕೂಲಂಟ್ ಅಲ್ಲ, ಗಾಳಿ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಲ್ಲೂ ಹಾಗೆಯೇ. ಕ್ಯಾಬಿನ್ ಒಳಗಿನ ಗಾಳಿಕಿಂಡಿಗೆ ಚೀಲ, ಟವೆಲ್ ಅಡ್ಡವಾಗದಿರಲಿ. ಅದರ ಫಿಲ್ಟರ್‌ನಲ್ಲಿ ದೂಳು ಕಟ್ಟಿದ್ದರೆ ವ್ಯಾಕ್ಯೂಮ್‌ನಿಂದ ಎಳೆಯಿರಿ, ಒಳಕ್ಕೆ ಊದಬೇಡಿ.